ಕುರಿ ಕಾಯೋರಿಗೆ ಇಷ್ಟು ದೊಡ್ಡ ಗೋಡೆನಾ?

ಈಗಷ್ಟೇ ಮನೆಗೆ ಬಂದೆ. ಅನ್ನಕ್ಕಿಟ್ಟು ಬರೆಯೋಕೆ ಕೂತಿದ್ದೇನೆ. ಕುಕ್ಕರ್ ಮೂರು ಸಲ ಕೂಗುವುದರೊಳಗೆ ಸಿಟ್ಟು ಇಳಿದರೆ ಇದನ್ನು ಹಾಕುವುದಿಲ್ಲ. ಎರಡು ಆಯಿತು. ಇಳಿಯುವ ಲಕ್ಷಣ ಕಾಣುತ್ತಿಲ್ಲ.

ನಾನಿರುವ ಬಾಯ್ಸಿಗೆ, ಅಂದರೆ ಅಮೆರಿಕದ ಐಡಾಹೊ ರಾಜ್ಯದ ಈ ಊರಿಗೆ, ಕನ್ನಡದವರು ಯಾರೇ ಬಂದರೂ ನಾನು ಕರೆದುಕೊಂಡು ಹೋಗುವ ಜಾಗ ಯಾವುದು ಅಂತ ನಿಮಗೆಲ್ಲ ಗೊತ್ತು. ಗ್ರೋವ್ ಸ್ಟ್ರೀಟಿನ ಬಾಸ್ಕ್ ಬ್ಲಾಕ್. (ನಿನಗೆ ಅವರು ಕಮಿಷನ್ ಕೊಡ್ತಾರಾ ಅಂತ ನಮ್ಮೆಜಮಾನರು ಕೇಳುವುದೂ ಗೊತ್ತು.) ಇವತ್ತು ಬಂದಿದ್ದವರು ಪರಿಚಯದವರ ಪರಿಚಯದವರು. ಒಳ್ಳೆಯ ಜನ. ಊರಿಂದ ಶೇಂಗಾ ಚಟ್ನಿಪುಡಿ ತಂದುಕೊಟ್ಟಿದ್ದಾರೆ. ಅದಕ್ಕೇ ಹೆಸರು ಹೇಳುತ್ತಿಲ್ಲ.

ಅಲ್ಲಿ ಬಾಸ್ಕ್ ವಲಸಿಗರ ನೆನಪಿಗೆ ಬರೆದಿರುವ ದೊಡ್ಡ ಗೋಡೆಚಿತ್ರ ಇದೆಯಲ್ಲ, ಅದರ ಮುಂದೆ ನಿಂತಿದ್ದೆವು. ಚಿತ್ರದಲ್ಲಿ ಏನೇನಿದೆ ಅಂತ ವರ್ಣಿಸುವುದಿಲ್ಲ, ಕಾಮೆಂಟಿನಲ್ಲಿ ಫೋಟೋ ಹಾಕಿದ್ದೇನೆ, ನೋಡಿಕೊಳ್ಳಿ. ಯಾರು ಇವರೆಲ್ಲ ಅಂತ ಕೇಳಿದರು. ಸ್ಪೇನು ಫ್ರಾನ್ಸ್ ನಡುವಿನ ಬೆಟ್ಟದ ಸೀಮೆಯವರು, ನೂರು ವರ್ಷಕ್ಕೂ ಹಿಂದೆ ಐಡಾಹೊಗೆ ಬಂದರು, ಬಂದವರಲ್ಲಿ ಬಹಳ ಜನ ಕುರಿ ಕಾಯುತ್ತಿದ್ದರು ಅಂದೆ. ಅವರು ಗೋಡೆ ನೋಡಿದರು. ನನ್ನ ಮುಖ ನೋಡಿದರು. ಆಮೇಲೆ ನಕ್ಕರು.

"ಅಲ್ಲಾ ರೀ, ಕುರಿ ಕಾಯೋರಿಗೆ ಇಷ್ಟು ದೊಡ್ಡ ಗೋಡೆನಾ?"

ಆಮೇಲೆ ಅದೇ ಗೋಡೆ ಮುಂದೆ ಸೆಲ್ಫಿ. ಒಂದಲ್ಲ, ಹನ್ನೊಂದು. ಎಣಿಸಿದೆ.

ಕುರಿ ಕಾಯೋಕೆ ಹೋಗು. ನಮ್ಮಲ್ಲಿ ಲೆಕ್ಕ ತಪ್ಪಿದ ಯಾವ ಹುಡುಗ ಈ ಮಾತು ಕೇಳಿಲ್ಲ ಹೇಳಿ? ಏಳನೇ ಕ್ಲಾಸಿನಲ್ಲಿ ಮೇಷ್ಟ್ರು ನನಗೂ ಅಂದಿದ್ದರು. ಇಡೀ ಕ್ಲಾಸು ನಕ್ಕಿತು. ನಕ್ಕವರಲ್ಲಿ ಅರ್ಧಕ್ಕರ್ಧ ಜನ ಸಂಜೆ ಮನೆಗೆ ಹೋಗಿ ಮರಿಗಳಿಗೆ ಸೊಪ್ಪು ಕಟ್ಟುವವರೇ. ನಾನೂ ನಕ್ಕೆ. ನಮ್ಮ ಹಟ್ಟಿಯಲ್ಲಿ ಆಗ ಎಂಬತ್ತು ಕುರಿ ಇದ್ದವು.

ಏನೂ ಬಾರದವನು ಮಾಡುವ ಕೆಲಸವಂತೆ ಅದು. ಸರಿ, ಬಾಸ್ಕ್ ಹುಡುಗರ ಕತೆ ಕೇಳಿ. ಐಡಾಹೊಗೆ ಬಂದವರಲ್ಲಿ ಹೆಚ್ಚಿನವರು ಬಾಸ್ಕ್ ನಾಡಿನ ಬಿಸ್ಕಾಯಾ ಸೀಮೆಯವರು. ಅಲ್ಲಿ ಅವರು ಮಂದೆ ಕಾದವರೂ ಅಲ್ಲ. ಸಣ್ಣ ಜಮೀನಿನ ರೈತರ ಮಕ್ಕಳು, ಮೀನುಗಾರರ ಮಕ್ಕಳು. ಇಲ್ಲಿ ಇಳಿದ ಮೇಲೆ ಕೈಗೆ ಒಂದು ನಾಯಿ, ಸಾವಿರಕ್ಕೂ ಜಾಸ್ತಿ ಕುರಿ ಕೊಟ್ಟು ಬೆಟ್ಟಕ್ಕೆ ಅಟ್ಟಿದರು. ಇಂಗ್ಲಿಷ್ ಬಾರದು. ಅವರ ಎವ್ಸ್ಕಾರ ಭಾಷೆಗೋ ಪ್ರಪಂಚದಲ್ಲಿ ನಂಟಿರುವ ಇನ್ನೊಂದು ಭಾಷೆಯೇ ಇಲ್ಲ. ಆಗಾಗ ಒಬ್ಬ ಬಂದು ಹಿಟ್ಟು, ಬೀನ್ಸು, ಬಂದಿದ್ದರೆ ಕಾಗದ ಕೊಟ್ಟು ಹೋಗುತ್ತಿದ್ದ. ಉಳಿದ ದಿನವೆಲ್ಲ ನಾಯಿಯ ಜೊತೆಗೇ ಮಾತು. ಒಂಟಿತನಕ್ಕೆ ತಲೆ ಕೆಟ್ಟವರು ಎಷ್ಟಿದ್ದರೆಂದರೆ ಅದಕ್ಕೊಂದು ಹೆಸರೇ ಇತ್ತು. ಇಲ್ಲಿನ ಬಯಲಲ್ಲಿ ಸೇಜ್‌ಬ್ರಷ್ ಅಂತ ಬೂದು ಬಣ್ಣದ ಕುರುಚಲು ಗಿಡ ಬೆಳೆಯುತ್ತದೆ. ಅವನು "ಸೇಜ್‌ಬ್ರಷ್ಡ್" ಆದ ಅನ್ನುತ್ತಿದ್ದರು. ನಮ್ಮ ಕಡೆ ಗಾಳಿ ಮೆಟ್ಟಿಕೊಂಡಿತು ಅನ್ನುವುದಿಲ್ಲವೇ, ಹಾಗೆ.

ಬೇಸರ ಕಳೆಯೋಕೆ ಆ ಹುಡುಗರು ಆಸ್ಪೆನ್ ಮರದ ಬಿಳಿ ತೊಗಟೆಯ ಮೇಲೆ ಚಾಕುವಿನಲ್ಲಿ ಸಣ್ಣಗೆ ಗೀರುತ್ತಿದ್ದರು. ಹೆಸರು, ಇಸವಿ, ಊರು, ಹೆಂಗಸರ ಚಿತ್ರ, ಯಜಮಾನನಿಗೆ ಬೈಗುಳ. ಗೀರಿದಾಗ ಏನೂ ಕಾಣದು. ವರ್ಷಗಳು ಕಳೆದ ಮೇಲೆ ಗಾಯ ಕಪ್ಪಾಗಿ ಉಬ್ಬಿ ಅಕ್ಷರ ಏಳುತ್ತದೆ. ಗೀರಿದವನು ಅಷ್ಟರಲ್ಲಿ ಎಲ್ಲಿದ್ದನೋ! ಆ ಮರಗಳ ಆಯಸ್ಸು ಸುಮಾರು ನೂರು ವರ್ಷ, ಈಗ ಒಂದೊಂದಾಗಿ ಬೀಳುತ್ತಿವೆ. ನನ್ನ ಕೇಳಿದರೆ ಇವರ ಮೊದಲ ಗೋಡೆಚಿತ್ರ ಅದೇ. ಗೋಡೆ ಇರಲಿಲ್ಲ, ಮರ ಇತ್ತು, ಅಷ್ಟೇ.

ಆ ಬೀದಿಯಲ್ಲೇ 1864ರಲ್ಲಿ ಕಟ್ಟಿದ ಇಟ್ಟಿಗೆ ಮನೆ ಇದೆ. ಜೇಕಬ್ಸ್-ಉಬೆರುಆಗಾ ಮನೆ. 1910ರಿಂದ 1969ರವರೆಗೆ ಅದು ಬಾಸ್ಕ್ ಹುಡುಗರ ಬೋರ್ಡಿಂಗ್ ಮನೆ. ಚಳಿಗಾಲಕ್ಕೆ ಬೆಟ್ಟ ಇಳಿದವರಿಗೆ ಸ್ನಾನ, ಬಿಸಿ ಊಟ, ಮಾತಾಡೋಕೆ ತಮ್ಮ ಭಾಷೆ. ಒಳಗೆ ಹೋಗೋಣ ಬನ್ನಿ ಅಂದೆ. ಕಾಲು ನೋವು ಅಂದರು. ಔಟ್‌ಲೆಟ್ ಮಾಲ್‌ಗೆ ಮಾತ್ರ ಆ ಕಾಲು ಚೆನ್ನಾಗಿಯೇ ನಡೆಯಿತು.

ಇನ್ನೊಂದು ಹೇಳಲೇಬೇಕು, ವೀಸಾ ಗೋಳಿನ ಗೆಳೆಯರು ಗಮನವಿಟ್ಟು ಓದಿ. 1924ರ ವಲಸೆ ಕಾನೂನು ಇಡೀ ಸ್ಪೇನಿಗೆ ವರ್ಷಕ್ಕೆ 131 ಜನ ಅಂತ ಕಟ್ಟು ಹಾಕಿತು. ಬರುತ್ತಿದ್ದವರು ನಿಂತರು. ಆಮೇಲೆ ಮಂದೆ ನೋಡುವವರೇ ಸಿಗದೆ ಒಡೆಯರು ಬಾಯಿ ಬಾಯಿ ಬಿಟ್ಟು, 1950ರಲ್ಲಿ ಕುರಿ ಕಾಯುವವರನ್ನು ಕರೆಸಿಕೊಳ್ಳೋಕೆಂದೇ ಬೇರೆ ಕಾನೂನು ಮಾಡಬೇಕಾಯಿತು. ನಿಮ್ಮ ಕೋಡಿಂಗ್‌ಗೆ ಲಾಟರಿ ಎತ್ತುವ ದೇಶ ಅವರಿಗಾಗಿ ಪಾರ್ಲಿಮೆಂಟಿನಲ್ಲಿ ಕೂತು ಕಾನೂನು ಬರೆದಿದೆ ಸ್ವಾಮಿ. ಕುರಿ ಕಾಯೋರಿಗೆ!

ಈಗ ಬುದ್ಧಿವಂತರು ಬರುತ್ತಾರೆ, ಗೊತ್ತು. ಬಾಸ್ಕ್ ಜನ ಮೇಲೆ ಬಂದ ಮೇಲೆ ತಾನೇ ಗೋಡೆಗೆ ಬಣ್ಣ ಬಂದಿದ್ದು, ದುಡ್ಡಾದ ಮೇಲೆ ಬಡತನದ ಮೇಲೆ ಪ್ರೀತಿ ಹುಟ್ಟುತ್ತದೆ ಅಂತಾರೆ. ಇರಬಹುದು. ಕುರಿ ಸಾಕಿದ ಬಾಸ್ಕ್ ಮನೆಯ ಪೀಟ್ ಸೆನರೂಸಾ 1967ರಿಂದ 2003ರವರೆಗೆ ಈ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ (ಚುನಾವಣೆ ನೋಡಿಕೊಳ್ಳುವ ದೊಡ್ಡ ಹುದ್ದೆ) ಆಗಿದ್ದರು. ಬಾಸ್ಕ್ ಮಾತಾಡುವ ಡೇವ್ ಬೀಟರ್ 16 ವರ್ಷ ಬಾಯ್ಸಿಯ ಮೇಯರ್ ಆಗಿದ್ದರು. ಇವತ್ತು ಇದೇ ಬೆಟ್ಟಗಳಲ್ಲಿ ಮಂದೆ ಹಿಂದೆ ಹೋಗುವವರು ಹೆಚ್ಚಾಗಿ ಪೆರು ದೇಶದವರು, ಅವರಿಗೆ ಯಾರೂ ಗೋಡೆ ಕೊಟ್ಟಿಲ್ಲ ಅನ್ನುವುದೂ ನಿಜ. ಆ ಮಾತು ನನಗೆ ಸ್ವಲ್ಪ ಚುಚ್ಚುತ್ತದೆ, ಸುಳ್ಳು ಹೇಳುವುದಿಲ್ಲ.

ಆದರೆ ಅದೇ ತರ್ಕ ನಮಗೂ ಹಾಕಿ ನೋಡೋಣ. ನಮ್ಮಲ್ಲೂ 2013ರಲ್ಲಿ ಕುರುಬರ ಮನೆಯ ಮಗ ಮುಖ್ಯಮಂತ್ರಿ ಆದರು. ವೇದಿಕೆ ಮೇಲೆ ಕಂಬಳಿ ಹೊದಿಸಿದ್ದು ಎಷ್ಟು, ಕೈಗೆ ಕುರಿಮರಿ ಕೊಟ್ಟು ಫೋಟೋ ಹೊಡೆಸಿಕೊಂಡಿದ್ದು ಎಷ್ಟು! ಸ್ಕೂಲಲ್ಲಿ ಆ ಬೈಗುಳ ನಿಂತಿತಾ? ಮೊನ್ನೆ ವಿಡಿಯೊ ಕಾಲ್‌ನಲ್ಲಿ ನನ್ನ ತಮ್ಮನೇ ಅವನ ಮಗನಿಗೆ ಅದೇ ಮಾತು ಅಂದ. ಲೋ, ಅಪ್ಪ ಪಕ್ಕದಲ್ಲೇ ಕೂತಿದ್ದಾರಲ್ಲೋ ಅಂದೆ. ಅಪ್ಪನೂ ನಗುತ್ತಿದ್ದರು.

ಸರಿ, ಈಗ ನನ್ನ ಸರದಿ. ಬೇರೆಯವರಿಗೆ ಇಷ್ಟು ಬೈದ ಮೇಲೆ ಇದನ್ನು ಮುಚ್ಚಿಟ್ಟರೆ ಊಟ ಇಳಿಯುವುದಿಲ್ಲ.

ಕಾಲೇಜಿಗೆ ಸೇರುವಾಗ ಅರ್ಜಿಯಲ್ಲಿ ತಂದೆಯ ಉದ್ಯೋಗ ಅಂತ ಇತ್ತು. ವ್ಯವಸಾಯ ಅಂತ ಬರೆದೆ. ನಮಗಿದ್ದದ್ದು ಮುಕ್ಕಾಲು ಎಕರೆ, ಅದೂ ಕಲ್ಲು. ಅಪ್ಪ ವರ್ಷದಲ್ಲಿ ಏಳು ತಿಂಗಳು ಕಂಬಳಿ ಕೊಪ್ಪೆ ಹಾಕಿಕೊಂಡು ಮಂದೆ ಹಿಂದೆ ಇರುತ್ತಿದ್ದರು, ಕಂಡವರ ಹೊಲದಲ್ಲಿ ಕುರಿ ತರುಬಿ ಅಲ್ಲೇ ಮಲಗುತ್ತಿದ್ದರು. ಹದಿನೇಳು ವರ್ಷದ ಹುಡುಗಿ, ಹೋಗಲಿ ಬಿಡಿ ಅನ್ನಬಹುದು. ಆದರೆ ಮೂರು ವರ್ಷದ ಹಿಂದೆ ಇದೇ ಬಾಸ್ಕ್ ಬ್ಲಾಕಿನಲ್ಲಿ ಒಬ್ಬ ಅಜ್ಜಿ ನನ್ನ ಹತ್ತಿರ ಮಾತಿಗೆ ನಿಂತರು. ನಮ್ಮಪ್ಪ ಕುರಿ ಕಾಯುತ್ತಿದ್ದರು ಅಂದರು, ನಾವು ನಮ್ಮಪ್ಪ ಡಾಕ್ಟರು ಅನ್ನುತ್ತೇವಲ್ಲ, ಆ ದನಿಯಲ್ಲಿ. ಆಮೇಲೆ ಕೇಳಿದರು, ನಿಮ್ಮ ತಂದೆ?

ಫಾರ್ಮರ್ ಅಂದೆ.

ಇಡೀ ಭೂಮಿ ಮೇಲೆ ಆ ಮಾತನ್ನು ನಿಜ ಹೇಳಬಹುದಾಗಿದ್ದ ಜಾಗ ಅದೊಂದೇ ಇತ್ತು. ಅಲ್ಲೂ ಬಾಯಿ ತಾನಾಗಿ ಅದನ್ನೇ ಅಂದುಬಿಟ್ಟಿತು.

ಕುಕ್ಕರ್ ಮೂರಲ್ಲ, ಐದು ಕೂಗಿತು. ಅನ್ನ ಮುದ್ದೆಯಾಗಿರುತ್ತದೆ. ಚಟ್ನಿಪುಡಿ ಇದೆ, ನಡೆಯುತ್ತದೆ. ಅದನ್ನು ತಂದುಕೊಟ್ಟವರು ಈ ಪೋಸ್ಟ್ ಓದುತ್ತಾರೆ ಅಂತಲೂ ಗೊತ್ತು. ಓದಲಿ. ಶನಿವಾರ ನಾನು ಮತ್ತೆ ಗ್ರೋವ್ ಸ್ಟ್ರೀಟಿಗೆ ಹೋಗುತ್ತೇನೆ, ಈ ಸಲ ಒಬ್ಬಳೇ. ಆ ಅಜ್ಜಿ ಸಿಕ್ಕರೆ ಒಂದು ಮಾತು ತಿದ್ದಿ ಹೇಳುವುದಿದೆ.