ಲಿನಕ್ಸ್‌ಗೆ ಹಾಕಿದ್ರೆ ಕನ್ನಡ ಹಾಳಾಗುತ್ತಾ? ಇಲ್ಲ

ಕಲಬುರಗಿ ಗಂಜ್ ಮಾರುಕಟ್ಟೆಯ ಅಂಗಡಿಯವರ ವಾಟ್ಸಾಪ್‌ನಲ್ಲಿ ಒಂದು ಮಾತು ಓಡಾಡುತ್ತಿದೆ: ಲೆಕ್ಕದ ಡೇಟಾಬೇಸನ್ನು ವಿಂಡೋಸ್‌ನಿಂದ ಲಿನಕ್ಸ್‌ಗೆ ಹಾಕಿದರೆ ಕನ್ನಡ ಹೆಸರೆಲ್ಲ ಹಾಳು, ಮತ್ತೆ ಟೈಪ್ ಮಾಡಬೇಕಂತೆ. ಸುಳ್ಳು. ದಯವಿಟ್ಟು ಯಾರೂ ಟೈಪ್ ಮಾಡಲು ಕೂರಬೇಡಿ!

ಕಂಪ್ಯೂಟರ್ ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಒಂದು ಪದ್ಧತಿ ಯೂಟಿಎಫ್-8, ಅದರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ಅದನ್ನೇ ಲ್ಯಾಟಿನ್-1 (ಯುರೋಪಿನ ಭಾಷೆಗಳ ಹಳೆ ಪದ್ಧತಿ) ಅಂದುಕೊಂಡು ಓದಿದರೆ 'ಕ' ಇರಬೇಕಾದ ಜಾಗದಲ್ಲಿ ತಲೆ ಮೇಲೆ ಗೀಟಿರುವ ಇಂಗ್ಲಿಷ್ ಎ, ಪುಟ್ಟ 2, ಒಂದು ದಪ್ಪ ಚುಕ್ಕಿ ಕಾಣುತ್ತವೆ. ಆ ಗೀಟಿನ ಎ ಸಾಲು ಸಾಲಾಗಿ ಕಂಡರೆ ಖುಷಿಪಡಿ, ಬೈಟ್‌ಗಳು ಸಾಮಾನ್ಯವಾಗಿ ಹಾಗೇ ಇರುತ್ತವೆ, ಓದುವ ರೀತಿ ಮಾತ್ರ ತಪ್ಪು. ಮೈಎಸ್‌ಕ್ಯೂಎಲ್ ಅನ್ನೋ ಡೇಟಾಬೇಸ್ ಸಾಫ್ಟ್‌ವೇರಿನ 8.0ಕ್ಕಿಂತ ಹಳೆಯದರಲ್ಲಿ ಲ್ಯಾಟಿನ್-1 ತಾನಾಗಿಯೇ ಇರುತ್ತಿತ್ತು, ಜಾಸ್ತಿ ಎಡವಟ್ಟು ಅಲ್ಲಿಂದಲೇ. ಕನೆಕ್ಷನ್‌ನಲ್ಲಿ ಲ್ಯಾಟಿನ್-1 ಅಂತಲೇ ಹೇಳಿ ಹಳೆ ಡೇಟಾ ಹೊರತೆಗೆದು, ಹೊಸದಕ್ಕೆ ಯೂಟಿಎಫ್8ಎಂಬಿ4 (ಮೈಎಸ್‌ಕ್ಯೂಎಲ್‌ನ ಪೂರ್ತಿ ಯೂಟಿಎಫ್-8) ಅಂತ ಹೇಳಿ ಹಾಕಿ ನೋಡಿ.

ಬರೀ ಪ್ರಶ್ನಾರ್ಥಕ ಚಿಹ್ನೆಗಳೇ ಟೇಬಲ್‌ನಲ್ಲಿ ಕೂತಿದ್ದರೆ ಮಾತ್ರ ಅಕ್ಷರ ನಿಜಕ್ಕೂ ಹೋಗಿದೆ, ಹಳೆ ಬ್ಯಾಕಪ್ಪೇ ಗತಿ.

ಇನ್ನೊಂದು, ಒರಾಕಲ್ ಡೇಟಾಬೇಸ್‌ಗೆ ಹೋಗುವವರು ಕಾಲಂ ಅಳತೆ ನೋಡಿ. 'ಕಲಬುರಗಿ' ನಮಗೆ 5 ಅಕ್ಷರ, ಅದಕ್ಕೆ ಉಕಾರ, ಇಕಾರ ಬೇರೆ ಬೇರೆ ಸೇರಿ 7 ಚಿಹ್ನೆ, ಅಂದರೆ 21 ಬೈಟ್. ಬೈಟ್ ಲೆಕ್ಕದ 20ರ ಕಾಲಂನಲ್ಲಿ ನಮ್ಮೂರೇ ಹಿಡಿಸಲ್ಲ!