ಹೆವಿ ಎಂಟಿಐ

ಮೊನ್ನೆ ನಮ್ಮ ಕಾಲೇಜಿಗೆ ಕ್ಯಾಂಪಸ್ ಸೆಲೆಕ್ಷನ್‌ಗೆಂದು ಬಂದಿದ್ದ ಕಂಪನಿಯವರು ಬಿಸಿಎ ಕೊನೆಯ ವರ್ಷದ ಹುಡುಗಿಯೊಬ್ಬಳ ಹೆಸರಿನ ಮುಂದೆ ‘ಹೆವಿ ಎಂಟಿಐ’ ಎಂದು ಬರೆದು ಹೋಗಿದ್ದಾರೆ. ಈ ಮೂರಕ್ಷರದ ಪರಿಚಯವಿಲ್ಲದ ಸ್ನೇಹಿತರಿಗಾಗಿ ಹೇಳುತ್ತೇನೆ: ಮದರ್ ಟಂಗ್ ಇನ್‌ಫ್ಲುಯೆನ್ಸ್, ಅಂದರೆ ಆಡುವ ಇಂಗ್ಲಿಷಿನಲ್ಲಿ ಮನೆಮಾತಿನ ದನಿ ಕೇಳಿಸುವುದು. ಕಾಲ್ ಸೆಂಟರುಗಳ ತರಬೇತಿ ಕೊಠಡಿಗಳಲ್ಲಿ ಓಡಾಡಿಕೊಂಡಿದ್ದ ಈ ಮಾತನ್ನು ಈಗ ರೋಗದ ಹೆಸರಿನಂತೆ ಎಲ್ಲೆಡೆ ಬಳಸುತ್ತಿದ್ದಾರೆ. ಆ ಹಾಳೆಯನ್ನು ನೋಡಿದಾಗಿನಿಂದ ನನಗೆ ಸಮಾಧಾನವಿಲ್ಲ.

ಪ್ಲೇಸ್‌ಮೆಂಟ್ ಸಮಿತಿಯ ಪರವಾಗಿ ನಾನು ಅದೇ ಕೊಠಡಿಯ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಆ ಹುಡುಗಿ ತನ್ನ ಊರಿನ ಹಾಲಿನ ಡೇರಿಗಾಗಿ ತಾನೇ ಬರೆದ ಒಂದು ಪ್ರೋಗ್ರಾಮನ್ನು ವಿವರಿಸಿದಳು. ಹಾಲು ಹಾಕುವವರ ಸಂಖ್ಯೆ, ಲೀಟರು, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಇಷ್ಟನ್ನು ತುಂಬಿದರೆ ಬಟವಾಡೆಯ ಲೆಕ್ಕ ಅದಾಗಿಯೇ ಬರುತ್ತದೆ; ಕರೆಂಟು ಹೋದರೂ ಆ ಹೊತ್ತಿನ ಲೆಕ್ಕ ಕಳೆದುಹೋಗದಂತೆ ಅದನ್ನು ಹೇಗೆ ಉಳಿಸಿಕೊಂಡೆ ಎಂಬುದನ್ನು ಅವಳು ಒಂದೂ ತಡವರಿಕೆಯಿಲ್ಲದೆ ಇಂಗ್ಲಿಷಿನಲ್ಲಿ ಹೇಳಿದಳು. ಎಸ್‌ಎನ್‌ಎಫ್ ಎನ್ನುವುದು ಅವಳ ಬಾಯಲ್ಲಿ ‘ಯೆಸ್ಸೆನ್ನೆಫ್’ ಆಗಿತ್ತು, ಓನ್ಲಿ ಎನ್ನುವುದು ‘ವೋನ್ಲಿ’ ಆಗಿತ್ತು, ನಿಜ. ಎದುರಿಗಿದ್ದ ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಪ್ರೋಗ್ರಾಮಿನ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ಬಂದ ಪ್ರಶ್ನೆ ಒಂದೇ, “ನೀವು ಓದಿದ್ದು ಯಾವ ಮೀಡಿಯಂ?”

ಆ ಪ್ರಶ್ನೆಯಲ್ಲಿ ಎಲ್ಲವೂ ಇದೆ. ಅವರು ಉಚ್ಚಾರಣೆಯನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಉಚ್ಚಾರಣೆಯ ಮೂಲಕ ಆ ಹುಡುಗಿಯ ಮನೆ, ಶಾಲೆ, ಅಪ್ಪನ ವರಮಾನ ಇವೆಲ್ಲವನ್ನೂ ಓದಿಕೊಳ್ಳುತ್ತಿದ್ದರು. ಕೆಲಸವಾದರೂ ಫೋನು ಎತ್ತುವಂಥದ್ದಲ್ಲ. ನಾನ್-ವಾಯ್ಸ್ ಪ್ರೋಸೆಸ್ ಎಂದು ಅವರೇ ಬೆಳಿಗ್ಗೆ ಬೋರ್ಡಿನ ಮೇಲೆ ಬರೆದಿದ್ದರು.

ಯೆಕಾರ, ವಕಾರ ಸೇರಿಸಿ ಮಾತಾಡುವುದು ಅಜ್ಞಾನವೆಂದು ತಿಳಿದವರು ಒಮ್ಮೆ ತಮ್ಮ ಕನ್ನಡವನ್ನೇ ಕೇಳಿಸಿಕೊಳ್ಳಬೇಕು. ಎಲೆ ಎಂದು ಬರೆದದ್ದನ್ನು ನಾವು ಬಹುತೇಕ ಎಲ್ಲರೂ ‘ಯೆಲೆ’ ಎನ್ನುತ್ತೇವೆ, ಒಂದು ಎಂದು ಬರೆದದ್ದನ್ನು ‘ವೊಂದು’ ಎನ್ನುತ್ತೇವೆ. ಪದದ ಮೊದಲಿಗೆ ಎಕಾರ, ಒಕಾರ ಬಂದಾಗ ನಾಲಿಗೆ ಹೀಗೆ ನಡೆಯುವುದು ನಮ್ಮ ನುಡಿಯ ನಿಯಮ. ಮನೆಯಲ್ಲಿ ನಿಯಮವಾಗಿದ್ದದ್ದು ಸಂದರ್ಶನದ ಮೇಜಿನ ಮುಂದೆ ದೋಷವಾಗುತ್ತದೆಂದರೆ, ಹಾಗೆ ತೀರ್ಮಾನಿಸಿದವರು ಯಾರು, ಯಾವಾಗ ತೀರ್ಮಾನಿಸಿದರು ಎಂದು ಕೇಳಲೇಬೇಕಾಗುತ್ತದೆ. ಇಂಗ್ಲಿಷಿನ ಮಟ್ಟಿಗೆ ಈ ಪ್ರಶ್ನೆಗೆ ಉತ್ತರ ಇತಿಹಾಸದಲ್ಲಿ ಸ್ಪಷ್ಟವಾಗಿಯೇ ಇದೆ.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ವ್ಯಾಪಾರದಿಂದ ಹೊಸದಾಗಿ ಹಣ ಕಂಡವರು ತಮ್ಮ ಹಳೆಯ ದನಿಯನ್ನು ಕಳೆದುಕೊಳ್ಳಲು ಹಾತೊರೆದರು, ಅದಕ್ಕೆ ಪಾಠ ಹೇಳುವವರು ಹುಟ್ಟಿಕೊಂಡರು. ಐರ್ಲೆಂಡಿನಲ್ಲಿ ಹುಟ್ಟಿದ ನಟ ಥಾಮಸ್ ಶೆರಿಡನ್ ತನ್ನ ವಾಕ್ಪಾಠದ ಉಪನ್ಯಾಸಗಳನ್ನು 1762ರಲ್ಲಿ ಪ್ರಕಟಿಸಿದ. ರಂಗಭೂಮಿಯಿಂದಲೇ ಬಂದ ಜಾನ್ ವಾಕರ್ 1791ರಲ್ಲಿ ಉಚ್ಚಾರಣೆಯ ನಿಘಂಟನ್ನು ತಂದು, ಲಂಡನ್ನಿನ ಸಾಮಾನ್ಯ ಜನ ಹಕಾರವನ್ನು ನುಂಗುವುದನ್ನು ದೋಷವೆಂದು ಪಟ್ಟಿ ಮಾಡಿದ. ಮುಂದಿನ ನೂರು ವರ್ಷಗಳಲ್ಲಿ ಆ ಒಂದು ಹಕಾರ ಇಂಗ್ಲೆಂಡಿನ ವರ್ಗಗಳ ನಡುವಿನ ಗೋಡೆಯಾಯಿತು. ಹೌಸ್ ಎನ್ನುವವನು ಒಳಗೆ, ಔಸ್ ಎನ್ನುವವನು ಹೊರಗೆ. ಹೊರಗಿದ್ದವನು ಒಳಬರಲು ಹೆಣಗಾಡಿ, ಬೇಡದ ಕಡೆಗೂ ಹಕಾರ ಸೇರಿಸಿ ಎಗ್ ಎಂಬುದನ್ನು ‘ಹೆಗ್’ ಎಂದರೆ ಇನ್ನಷ್ಟು ನಗೆಪಾಟಲಾಗುತ್ತಿದ್ದ.

ಇದು ನಮಗೆ ಎಷ್ಟು ಪರಿಚಿತ! ಹಳೇ ಮೈಸೂರು ಕಡೆಯ ಹಳ್ಳಿಗಳಲ್ಲಿ ಹಾಲು ‘ಆಲು’ ಆಗುತ್ತದೆ, ಹಾಸನ ‘ಆಸನ’ವಾಗುತ್ತದೆ. ಆ ಮಕ್ಕಳು ವೇದಿಕೆ ಹತ್ತಿ ಎಚ್ಚರದಿಂದ ಹಕಾರ ಹಾಕಲು ಹೋಗಿ, ಆದರದ ಸ್ವಾಗತ ಎನ್ನುವಲ್ಲಿ ಎಡವಿದರೆ ಸಭೆಗೆ ಸಭೆಯೇ ನಗುತ್ತದೆ. ಟಿವಿಯ ಹಾಸ್ಯ ಕಾರ್ಯಕ್ರಮಗಳಿಗೆ ಇದು ಎಂದೂ ಮುಗಿಯದ ಸರಕು. ಹೀಗೆ ನಗುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಹಳಗನ್ನಡದಲ್ಲಿ ಹಾಲು ‘ಪಾಲ್’ ಆಗಿತ್ತು. ಆ ಪಕಾರವೇ ಸವೆದು ಹಕಾರವಾಯಿತು, ಹಕಾರ ಮತ್ತೂ ಸವೆದು ಹಳ್ಳಿಯವರ ಬಾಯಲ್ಲಿ ಅಕಾರವಾಗಿದೆ. ಪ ಹೋಗಿ ಹ ಬಂದದ್ದಕ್ಕೆ ಭಾಷೆಯ ಬೆಳವಣಿಗೆ ಎಂದು ಪಾಠ ಮಾಡುತ್ತೇವೆ, ಹ ಹೋಗಿ ಅ ಬಂದದ್ದಕ್ಕೆ ಸಂಸ್ಕಾರವಿಲ್ಲ ಎನ್ನುತ್ತೇವೆ. ಮೊದಲನೆಯದನ್ನು ಓದುಬರಹ ಬಲ್ಲವರೂ ಒಪ್ಪಿಕೊಂಡರು, ಎರಡನೆಯದು ಹೊಲದಲ್ಲಿ ದುಡಿಯುವವರ ಬಾಯಲ್ಲೇ ಉಳಿಯಿತು ಎಂಬುದನ್ನು ಬಿಟ್ಟರೆ ಇವೆರಡಕ್ಕೂ ನನಗೆ ಬೇರೆ ವ್ಯತ್ಯಾಸ ಕಾಣುವುದಿಲ್ಲ.

ರಕಾರದ ಕಥೆ ಇನ್ನೂ ಕಣ್ಣು ತೆರೆಸುವಂಥದ್ದು. ಇಂಗ್ಲೆಂಡಿನಲ್ಲಿಯೂ ಹಿಂದೆ ಕಾರ್, ಫಾರ್ಮ್ ಮೊದಲಾದ ಪದಗಳ ರಕಾರವನ್ನು ನುಡಿಯುತ್ತಿದ್ದರು. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಲಂಡನ್ನಿನಲ್ಲಿ ಅದು ಕರಗತೊಡಗಿ, ಬರುಬರುತ್ತಾ ರಕಾರವಿಲ್ಲದ ನುಡಿಯೇ ಮೇಲ್ವರ್ಗದ ಗುರುತಾಯಿತು. ರಕಾರವನ್ನು ಉಳಿಸಿಕೊಂಡ ನೈರುತ್ಯ ಇಂಗ್ಲೆಂಡಿನವರು ಹಳ್ಳಿಗಮಾರರೆನಿಸಿಕೊಂಡರು. ಅಟ್ಲಾಂಟಿಕ್ ಸಾಗರದ ಆಚೆ ಏನಾಯಿತು ನೋಡಿ. ನ್ಯೂಯಾರ್ಕಿನ ಶ್ರೀಮಂತ ಮನೆತನದಿಂದ ಬಂದು ಅಮೆರಿಕದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಧ್ವನಿಮುದ್ರಣಗಳಲ್ಲಿ ಇಂಥ ಕಡೆ ರಕಾರ ಕೇಳಿಸುವುದಿಲ್ಲ; ಅಂದಿಗೆ ಅದೇ ಘನತೆ. ಎರಡನೆಯ ಮಹಾಯುದ್ಧದ ನಂತರ ಅದೇ ಊರಿನಲ್ಲಿ ಗಾಳಿ ತಿರುಗಿ, ರಕಾರ ನುಡಿಯುವುದು ಘನತೆಯಾಯಿತು.

1962ರಲ್ಲಿ ಭಾಷಾವಿಜ್ಞಾನಿ ವಿಲಿಯಂ ಲಬೋವ್ ಇದನ್ನು ನ್ಯೂಯಾರ್ಕಿನ ಮೂರು ಅಂಗಡಿಗಳಲ್ಲಿ ಪರೀಕ್ಷಿಸಿದರು. ಶ್ರೀಮಂತರು ಹೋಗುವ ಸ್ಯಾಕ್ಸ್, ಮಧ್ಯಮವರ್ಗದ ಮೇಸೀಸ್, ಅಗ್ಗದ ಮಾಲಿನ ಎಸ್. ಕ್ಲೈನ್. ಗಿರಾಕಿಯಂತೆ ಒಳಹೋಗಿ, ನಾಲ್ಕನೆಯ ಮಹಡಿಯಲ್ಲಿದೆ ಎಂದು ತಮಗೆ ಮೊದಲೇ ಗೊತ್ತಿದ್ದ ವಸ್ತು ಎಲ್ಲಿದೆ ಎಂದು ಕೇಳುವುದು. ಕೆಲಸಗಾರರು “ಫೋರ್ತ್ ಫ್ಲೋರ್” ಎಂದಾಗ ಆ ಎರಡು ರಕಾರಗಳನ್ನು ಗಮನಿಸುವುದು. ಸರಿಯಾಗಿ ಕೇಳಿಸಲಿಲ್ಲ ಎಂಬಂತೆ ಮತ್ತೊಮ್ಮೆ ಹೇಳಿಸುವುದು. ಸ್ಯಾಕ್ಸ್‌ನಲ್ಲಿ ಶೇ. 62 ಮಂದಿ, ಮೇಸೀಸ್‌ನಲ್ಲಿ ಶೇ. 51 ಮಂದಿ, ಕ್ಲೈನ್‌ನಲ್ಲಿ ಶೇ. 20 ಮಂದಿ ಎಲ್ಲ ಕಡೆಯೋ ಕೆಲವು ಕಡೆಯೋ ರಕಾರ ನುಡಿದರು. ಮಾತಾಡಿದವರೆಲ್ಲ ಸಂಬಳಕ್ಕೆ ದುಡಿಯುವವರೇ, ಯಾರೂ ಸಿರಿವಂತರಲ್ಲ. ಯಾರ ಕೈಕೆಳಗೆ, ಯಾರ ಕಣ್ಣೆದುರು ದುಡಿಯುತ್ತಿದ್ದರೋ ಅವರ ದನಿ ಇವರ ನಾಲಿಗೆಯ ಮೇಲೆ ಕುಳಿತಿತ್ತು.

ಈಗ ನಮ್ಮ ಹುಡುಗಿಯ ವಿಷಯಕ್ಕೆ ಬನ್ನಿ. ಪದದಲ್ಲಿ ಬರೆದಿರುವ ಪ್ರತಿಯೊಂದು ರಕಾರವನ್ನೂ ಅವಳು ಸ್ಪಷ್ಟವಾಗಿ ನುಡಿಯುತ್ತಾಳೆ. ರಕಾರವಿದೆಯೇ ಇಲ್ಲವೇ ಎಂಬುದೊಂದನ್ನೇ ನೋಡಿದರೆ ಸ್ಯಾಕ್ಸ್‌ನ ಲೆಕ್ಕದಲ್ಲಿ ಅವಳು ಮೇಲ್ವರ್ಗ, ಲಂಡನ್ನಿನ ಲೆಕ್ಕದಲ್ಲಿ ಹಳ್ಳಿಯವಳು. ಬೆಂಗಳೂರಿನ ಕಾಲ್ ಸೆಂಟರುಗಳಲ್ಲಿ ಅಮೆರಿಕದ ಗಿರಾಕಿಗಳಿಗೆ ಉತ್ತರಿಸುವ ಯುಎಸ್ ಪ್ರೋಸೆಸ್‌ಗೆ ಸೇರಿದವರಿಗೆ ರಕಾರ ಹೊರಳಿಸುವುದನ್ನು ಕಲಿಸುತ್ತಾರೆ, ಯುಕೆ ಪ್ರೋಸೆಸ್‌ಗೆ ಸೇರಿದವರಿಗೆ ಅದನ್ನು ಬಿಡುವುದನ್ನು ಕಲಿಸುತ್ತಾರೆ. ಹೀಗಿರುವಾಗ ಇದರಲ್ಲಿ ಸರಿ ಎನ್ನುವುದು ಯಾವುದು?

ಇನ್ನೊಂದು ಉದಾಹರಣೆ ಕೊಡದೆ ಮುಂದೆ ಹೋಗಲಾರೆ. ಹಂಟಿಂಗ್, ಶೂಟಿಂಗ್ ಎನ್ನುವಲ್ಲಿ ಕೊನೆಯ ದನಿಯನ್ನು ಮೊಟಕುಗೊಳಿಸಿ ‘ಹಂಟಿನ್’, ‘ಶೂಟಿನ್’ ಎನ್ನುವುದು ಕೂಲಿಕಾರರ ನುಡಿ ಎಂದು ಇಂಗ್ಲೆಂಡಿನ ಮಧ್ಯಮವರ್ಗ ಮೂಗು ಮುರಿಯುತ್ತಿತ್ತು. ಆದರೆ ಬೇಟೆಯಾಡಿಕೊಂಡಿದ್ದ ಹಳೆಯ ಜಮೀನ್ದಾರಿ ಶ್ರೀಮಂತರೂ ಹಾಗೆಯೇ ಹೇಳುತ್ತಿದ್ದರು, ಅವರನ್ನು ತಿದ್ದಲು ಯಾರೂ ಹೋಗಲಿಲ್ಲ. ನಾಲಿಗೆ ಮಾಡಿದ ಕೆಲಸ ಇಬ್ಬರಲ್ಲೂ ಒಂದೇ. ಒಬ್ಬನದು ಠೀವಿ, ಇನ್ನೊಬ್ಬನದು ತಪ್ಪು.

ನಮ್ಮ ಕಾಲದಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವರೆಲ್ಲ ಆರ್‌ಪಿ (ರಿಸೀವ್ಡ್ ಪ್ರೊನನ್ಸಿಯೇಷನ್) ಎಂಬ ಉಚ್ಚಾರಣೆಯ ಮಾದರಿಯನ್ನು ಉರು ಹೊಡೆದವರು. ಅದಕ್ಕೆ ಡೇನಿಯಲ್ ಜೋನ್ಸ್ 1917ರ ತನ್ನ ನಿಘಂಟಿನಲ್ಲಿ ಇಟ್ಟಿದ್ದ ಹೆಸರೇ ‘ಪಬ್ಲಿಕ್ ಸ್ಕೂಲ್ ಉಚ್ಚಾರಣೆ’. ಅಂದರೆ ಅಲ್ಲಿನ ದುಬಾರಿ ವಸತಿ ಶಾಲೆಗಳಲ್ಲಿ ಓದಿದವರ ನುಡಿ. 1926ರಲ್ಲಿ ಅವನೇ ಅದನ್ನು ‘ರಿಸೀವ್ಡ್’ ಎಂದು ಬದಲಾಯಿಸಿದ. ಶಾಲೆಯ ಹೆಸರು ಮರೆಯಾಯಿತು, ಶಾಲೆಯ ಅಧಿಕಾರ ಹಾಗೆಯೇ ಉಳಿಯಿತು. ಭಾಷಾವಿಜ್ಞಾನಿ ಪೀಟರ್ ಟ್ರಡ್ಗಿಲ್ 1970ರ ದಶಕದಲ್ಲಿ ಮಾಡಿದ ಅಂದಾಜಿನಂತೆ ಇಂಗ್ಲೆಂಡಿನಲ್ಲಿಯೇ ಆರ್‌ಪಿ ಆಡುತ್ತಿದ್ದವರು ಶೇ. 3ರಷ್ಟು ಮಾತ್ರ. 1941ರಲ್ಲಿ ಯಾರ್ಕ್‌ಷೈರಿನ ವಿಲ್ಫ್ರೆಡ್ ಪಿಕಲ್ಸ್ ತನ್ನ ಊರಿನ ದನಿಯಲ್ಲಿಯೇ ಬಿಬಿಸಿಯ ವಾರ್ತೆ ಓದಿದಾಗ ಕೇಳುಗರಿಂದ ಆಕ್ಷೇಪಗಳು ಬಂದವು. ಇಷ್ಟೆಲ್ಲ ಆದ ಮೇಲೆ, ಯಾರ ಹೆಸರಿನಲ್ಲಿ ಆ ನುಡಿಯನ್ನು ಕಾಯಲಾಗುತ್ತಿತ್ತೋ ಆ ರಾಣಿ ಎಲಿಜಬೆತ್ ಅವರ ಸ್ವರಗಳೇ ಬದಲಾಗಿದ್ದವು. 1950ರ ದಶಕದ ಮತ್ತು 1980ರ ದಶಕದ ಅವರ ಕ್ರಿಸ್ಮಸ್ ಭಾಷಣಗಳನ್ನು ಹೋಲಿಸಿದ ಜೊನಾಥನ್ ಹ್ಯಾರಿಂಗ್ಟನ್ ಮತ್ತು ಸಂಗಡಿಗರು, ಅವು ಅಷ್ಟೇನೂ ಮೇಲ್ವರ್ಗದವರಲ್ಲದ ಜನರ ನುಡಿಯ ಕಡೆಗೆ ಸರಿದಿವೆ ಎಂದು 2000ದಲ್ಲಿ ತೋರಿಸಿದರು.

ಇಷ್ಟು ಹೇಳಿದ ಕೂಡಲೇ ಒಂದು ಆಕ್ಷೇಪ ಬರುತ್ತದೆಂದು ನನಗೆ ಗೊತ್ತು. ‘ಮೇಡಂ, ಕೇಳುವವರಿಗೆ ಅರ್ಥವಾಗಬೇಡವೇ?’ ಖಂಡಿತ ಅರ್ಥವಾಗಬೇಕು. ಅದಕ್ಕಾಗಿಯೇ ನಾನು ಪದದ ಯಾವ ಭಾಗದ ಮೇಲೆ ಒತ್ತು ಬೀಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ತರಗತಿಯಲ್ಲಿ ಮತ್ತೆ ಮತ್ತೆ ಹೇಳಿಕೊಡುತ್ತೇನೆ. ಒತ್ತು ತಪ್ಪಿದರೆ ಕೇಳುವವರಿಗೆ ನಿಜವಾಗಿಯೂ ತೊಡಕಾಗುತ್ತದೆ. ಆದರೆ ಅರ್ಥವಾಗುವುದೇ ಅಳತೆಗೋಲಾಗಿದ್ದರೆ ಆ ಇಬ್ಬರು ತಮಗೆ ಅರ್ಥವಾಗದ ಮಾತು ಯಾವುದೆಂದು ಅವಳಿಗೆ ಹೇಳುತ್ತಿದ್ದರು. ಯೆಸ್ಸೆನ್ನೆಫ್ ಎಂದರೆ ಏನೆಂದು ಅವರು ಕೇಳಲೇ ಇಲ್ಲ. ಅದೇ ದಿನ ಆಯ್ಕೆಯಾದ, ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದ ಹುಡುಗನ ನಾಲಿಗೆಯಲ್ಲೂ ಮೂರ್ಧನ್ಯ ಟಕಾರ, ಡಕಾರಗಳಿವೆ. ಅವನಿಗೂ ವಿ ಮತ್ತು ಡಬ್ಲ್ಯುಗಳ ನಡುವೆ ವ್ಯತ್ಯಾಸವಿಲ್ಲ. ಲಂಡನ್ನಿನವರ ಕಿವಿಗೆ ಅವನೂ ಮೊದಲ ವಾಕ್ಯಕ್ಕೇ ಭಾರತೀಯನೆಂದು ತಿಳಿಯುತ್ತಾನೆ. ಅವನ ಹೆಸರಿನ ಮುಂದೆ ಎಂಟಿಐ ಎಂದು ಬರೆದಿಲ್ಲ. ಮನೆಮಾತಿನ ಪ್ರಭಾವವನ್ನು ಅಳೆಯುತ್ತೇವೆ ಎನ್ನುವವರು ಅಳೆಯುತ್ತಿರುವುದು ಮನೆಯನ್ನು.

ನನ್ನ ಬಗ್ಗೆಯೂ ಒಂದು ಮಾತು ಹೇಳುತ್ತೇನೆ. ಏಳನೆಯ ತರಗತಿಯವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿದ ನನಗೆ ಆ ಆರ್‌ಪಿ ಈಗಲೂ ಬಾಯಿಗೆ ಬರುತ್ತದೆ. ದೊಡ್ಡ ಆಸ್ಪತ್ರೆಗಳ ಕೌಂಟರಿನಲ್ಲಿ ಕನ್ನಡದಲ್ಲಿ ಮಾತಾಡಿದಾಗ ಸಿಗದ ಕುರ್ಚಿ, ಆ ಧಾಟಿಯ ಒಂದು ಇಂಗ್ಲಿಷ್ ವಾಕ್ಯಕ್ಕೆ ಸಿಗುತ್ತದೆ. ನನ್ನ ತಾಯಿಯನ್ನು ಕರೆದುಕೊಂಡು ಹೋದಾಗಲೆಲ್ಲ ಅದನ್ನು ಬಳಸಿದ್ದೇನೆ, ಮುಂದೆಯೂ ಬಳಸುತ್ತೇನೆ. ಆ ಕುರ್ಚಿ ಸಿಕ್ಕಾಗ ನನಗೆ ಹಿಗ್ಗಿಗಿಂತ ಸಿಟ್ಟೇ ಹೆಚ್ಚಾಗಿ ಬಂದಿದೆ, ಏಕೆಂದರೆ ಪಕ್ಕದಲ್ಲಿ ನಿಂತ ಬೇರೆ ತಾಯಂದಿರಿಗೆ ಅದು ಸಿಗಲಿಲ್ಲ.

ಸಂಜೆ ಸ್ಟಾಫ್ ರೂಮಿಗೆ ಬಂದ ಹುಡುಗಿ, “ಮೇಡಂ, ನನ್ನ ಇಂಗ್ಲಿಷ್ ಅಷ್ಟೊಂದು ಕೆಟ್ಟದಾಗಿದೆಯಾ?” ಎಂದು ಕೇಳಿದಳು. ಇಲ್ಲ ಎಂದೆ. ಅದು ಸಮಾಧಾನಕ್ಕೆ ಹೇಳಿದ ಮಾತಲ್ಲ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಕಂಪನಿಗಳ ಎಚ್‌ಆರ್ ವಿಭಾಗಗಳಲ್ಲಿದ್ದೀರಿ, ಈ ಬರಹವನ್ನು ಓದುತ್ತೀರಿ. ನಿಮ್ಮಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ಯಾವ ಕಾಲೇಜಿಗಾದರೂ ಹೋದಾಗ, ಅಭ್ಯರ್ಥಿಯ ಮಾತಿನಲ್ಲಿ ನಿಮಗೆ ನಿಜವಾಗಿಯೂ ಅರ್ಥವಾಗದ ಪದಗಳನ್ನು ಒಂದೊಂದಾಗಿ ಬರೆದಿಟ್ಟುಕೊಳ್ಳಿ, ಸಂದರ್ಶನ ಮುಗಿದ ಮೇಲೆ ಆ ಪಟ್ಟಿಯನ್ನು ಅವರ ಕೈಗೇ ಕೊಡಿ. ಪಟ್ಟಿಯಲ್ಲಿ ಒಂದು ಪದವೂ ಇಲ್ಲವೆಂದಾದರೆ, ಅವರು ಮಾಡಿದ ಕೆಲಸದ ಬಗ್ಗೆ ಪ್ರಶ್ನೆ ಕೇಳಿ.