ಕೆಂಡಕ್ಕೊಂದು ಕತ್ತರಿ, ಕೆಂಡಕ್ಕೊಂದು ರೈಲು

ಚೀನಾದ ಬೀದಿಯಲ್ಲಿ ರಾತ್ರಿ ಹಸಿವಾದರೆ ಭಾಷೆ ಬರಬೇಕಿಲ್ಲ. ಒಂದು ಅಕ್ಷರ ಗೊತ್ತಿದ್ದರೆ ಸಾಕು. ಮೇಲೊಂದು ಡಬ್ಬಿ, ಕೆಳಗೊಂದು ಡಬ್ಬಿ, ಎರಡನ್ನೂ ಚುಚ್ಚಿಕೊಂಡು ಇಳಿದ ಒಂದು ಗೆರೆ. 'ಚುವಾನ್' ಅಂತ ಓದಬೇಕು. ಮಾಂಸದ ಕಡ್ಡಿಯ ಚಿತ್ರ ಬಿಡಿಸಿ ಅಕ್ಷರ ಅಂತ ಸಾಗಹಾಕಿದ ಹಾಗಿದೆ. ಆ ಅಕ್ಷರ ಕೆಂಪು ದೀಪದಲ್ಲಿ ಹೊಳೆಯುತ್ತಿದ್ದರೆ ಹತ್ತಿರದಲ್ಲೇ ಎಲ್ಲೋ ಕೆಂಡ ಇದೆ.

ಉದ್ದನೆಯ ತಗಡಿನ ಒಲೆ. ಅದರ ಮೇಲೆ ಸಾಲಾಗಿ ಕುರಿಮಾಂಸದ ಕಡ್ಡಿಗಳು, ತುಂಡುಗಳ ನಡುವೆ ಬೇಕಂತಲೇ ಸಿಕ್ಕಿಸಿದ ಕೊಬ್ಬು. ಅದು ಕರಗಿ ಕೆಂಡಕ್ಕೆ ಬಿದ್ದು ಚುರ್ ಅಂದ ಕೂಡಲೇ ಮೇಲಿಂದ ಜೀರಿಗೆ, ಖಾರದ ಪುಡಿ ಉದುರುತ್ತವೆ. ಮೊದಲ ತುಂಡು ಸಲೀಸು. ಕೊನೆಯದನ್ನು ಹಲ್ಲಿನಿಂದ ಅಡ್ಡಕ್ಕೆ ಎಳೆಯುವಾಗ ಕೆನ್ನೆಗೆ ಮಸಿ ಗ್ಯಾರಂಟಿ. ಅದೂ ರುಚಿಯ ಭಾಗವೇ ಬಿಡಿ.

ಈ ಪಾಪದ ಕಡ್ಡಿ ಒಮ್ಮೆ ದೊಡ್ಡ ಕೇಸಿನಲ್ಲಿ ಸಿಕ್ಕಿಬಿತ್ತು. 2013ರ ಜನವರಿಯಲ್ಲಿ ಬೀಜಿಂಗ್ ಗಾಳಿಯಲ್ಲಿ ಪಿಎಂ 2.5 ಅನ್ನುವ ಅತಿ ಸಣ್ಣ ಧೂಳಿನ ಕಣಗಳ ಪ್ರಮಾಣ ಘನ ಮೀಟರಿಗೆ 700 ಮೈಕ್ರೋಗ್ರಾಂ ದಾಟಿತ್ತು. ವಿಶ್ವ ಆರೋಗ್ಯ ಸಂಸ್ಥೆ ಆಗ ದಿನಕ್ಕೆ ಹೇಳುತ್ತಿದ್ದ ಮಿತಿ 25. ಕಲ್ಲಿದ್ದಲು ಸುಡುವ ಸ್ಥಾವರಗಳಿದ್ದವು, ಕಾರ್ಖಾನೆಗಳಿದ್ದವು, ಐವತ್ತು ಲಕ್ಷ ದಾಟಿದ ವಾಹನಗಳಿದ್ದವು. ಆದರೆ ಚಿಮಣಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಠಾಣೆಗೆ ಒಯ್ಯೋಕಾಗುತ್ತಾ? ಒಲೆಯನ್ನು ಒಯ್ಯಬಹುದು. ಆ ವರ್ಷ ನವೆಂಬರ್‌ನಲ್ಲಿ ಬೀಜಿಂಗಿನ ಷಿಚೆಂಗ್ ಜಿಲ್ಲೆಯಲ್ಲಿ ಅಧಿಕಾರಿಗಳು 500ಕ್ಕೂ ಹೆಚ್ಚು ಬೀದಿ ಒಲೆಗಳನ್ನು ನಾಶ ಮಾಡಿದರು. ಸುಮ್ನೆ ಗುಜರಿಗೆ ಹಾಕಲಿಲ್ಲ, ಕ್ಯಾಮೆರಾ ಮುಂದೆ ಕತ್ತರಿಸಿದರು. ಆ ಒಲೆಗಳು ಬದುಕಿದ್ದಾಗಲೂ ಅಷ್ಟು ಕಿಡಿ ಹಾರಿಸಿರಲಿಕ್ಕಿಲ್ಲ.

ಹತ್ತು ವರ್ಷ ಕಳೆಯಿತು. 2023ರ ವಸಂತದಲ್ಲಿ ಶಾಂಡೊಂಗ್ ಪ್ರಾಂತ್ಯದ ಜಿಬೊ ಅನ್ನುವ ಕೈಗಾರಿಕಾ ಊರು ಕಡ್ಡಿಮಾಂಸದಿಂದಲೇ ದೇಶಕ್ಕೆಲ್ಲ ಫೇಮಸ್ ಆಯಿತು. ಅಲ್ಲಿ ಪ್ರತಿ ಮೇಜಿಗೂ ಒಂದು ಪುಟ್ಟ ಒಲೆ. ಮುಕ್ಕಾಲು ಬೆಂದ ಕಡ್ಡಿ ಬರುತ್ತದೆ, ಉಳಿದದ್ದು ನಿಮ್ಮ ಕೆಲಸ. ತೆಳ್ಳನೆಯ ರೊಟ್ಟಿಯಲ್ಲಿ ಮಾಂಸ ಹಿಡಿದು, ಈರುಳ್ಳಿ ಹೂವು ಇಟ್ಟು ಅದುಮಿ, ಕಡ್ಡಿಯನ್ನು ಸರ್ರನೆ ಎಳೆಯಬೇಕು.

ಈಗ ಹೊಗೆ ಬಂತಲ್ಲ ಅಂತ ಯಾರಾದರೂ ಕತ್ತರಿ ತಂದರಾ? ಇಲ್ಲ, ರೈಲು ತಂದರು! ಪ್ರಾಂತ್ಯದ ರಾಜಧಾನಿ ಜಿನಾನ್‌ನಿಂದ ಬಾರ್ಬೆಕ್ಯೂ ವಿಶೇಷ ರೈಲು. ಊರೊಳಗೆ ಬಾರ್ಬೆಕ್ಯೂ ಬಸ್ಸು, ಅದೂ 21 ಮಾರ್ಗಗಳಲ್ಲಿ. ಪ್ರವಾಸೋದ್ಯಮ ಇಲಾಖೆಯ ಅಧಿಕಾರಿಗಳೇ ಬೋಗಿ ಹತ್ತಿ ಪ್ರಯಾಣಿಕರಿಗೆ ಉಡುಗೊರೆ ಹಂಚಿದರು. ಊರು ಬೇರೆ, ಒಪ್ಪಿದೆ. ಸರ್ಕಾರ ಒಂದೇ, ಅಲ್ವಾ? ಬಹುಶಃ ಹೊಗೆ ನಗರಕ್ಕೆ ಹಣ ತರಲು ಶುರು ಮಾಡಿದ ದಿನವೇ ಪರಿಮಳ ಆಗಿಬಿಡುತ್ತದೆ.

ಜನ ಎಷ್ಟು ಬಂದರೆಂದರೆ, ಏಪ್ರಿಲ್ ಮುಗಿಯುವ ಮೊದಲೇ ನಗರಾಡಳಿತ ಬಹಿರಂಗ ಪತ್ರ ಬರೆಯಿತು: ಮೇ ರಜೆಗೆ ಹೋಟೆಲ್ ರೂಮುಗಳೆಲ್ಲ ಭರ್ತಿಯಾಗಿವೆ, ದಯವಿಟ್ಟು ಬೇರೆ ದಿನ ಬನ್ನಿ. ಕರೆದವರೇ ಬಾಗಿಲಲ್ಲಿ ನಿಂತು ಕೈಮುಗಿದು ತಡೆದರು.

ಬೀಜಿಂಗಿನ ಆ ಕತ್ತರಿಸುವ ಯಂತ್ರಗಳು ಈಗ ಎಲ್ಲಿವೆಯೋ. ಯಾವುದೋ ಉಗ್ರಾಣದಲ್ಲಿ ಎಣ್ಣೆ ಸವರಿ ಇಟ್ಟಿರುತ್ತಾರೆ. ನಾನಂತೂ ಅವರು ಬಾಗಿಲು ತೆಗೆಯುವ ಮೊದಲು ಇನ್ನೊಂದು ಹತ್ತು ಕಡ್ಡಿ ಹೇಳುತ್ತೇನೆ. ಖಾರ ಜಾಸ್ತಿ ಇರಲಿ.